ಅದು ಕಾರ್ಡಿಗೆ, ಮಿಸ್

"ಮಿಸ್, ಇವತ್ತು ನನ್ನ ಹೆಸರು ಕರೀಲೇ ಇಲ್ಲ."

ಸೋಮವಾರದಿಂದ ನಮ್ಮಲ್ಲಿ ಹಾಜರಿ ಪುಸ್ತಕ ಇಲ್ಲ. ಬಾಗಿಲ ಬಳಿ ಯಂತ್ರ ಬಂದಿದೆ. ಮಕ್ಕಳು ಕಾರ್ಡ್ ಹಿಡಿದರೆ 'ಬೀಪ್' ಅನ್ನುತ್ತದೆ, ಹಾಜರಿ ಮುಗಿಯಿತು. ದಿನಕ್ಕೆ ಐದು ನಿಮಿಷ ಉಳಿಯುತ್ತದೆ ಅಂದಾಗ ನಾನೂ ಖುಷಿಪಟ್ಟಿದ್ದೆ.

"ಬೀಪ್ ಬಂತಲ್ಲ ಪುಟ್ಟಾ, ಅದೇ ಹಾಜರಿ" ಅಂದೆ.

"ಅದು ಕಾರ್ಡಿಗೆ, ಮಿಸ್."

ಮೂರನೇ ಕ್ಲಾಸಿನ ಈ ಹುಡುಗಿ ಮಾತಾಡುವುದೇ ಕಮ್ಮಿ. ಆದರೆ ಹಾಜರಿ ಹೊತ್ತಿನಲ್ಲಿ, ಇನ್ನೂ ಎರಡು ಹೆಸರು ಇರುವಾಗಲೇ ಬೆಂಚಿನ ತುದಿಗೆ ಸರಿಯುತ್ತಿದ್ದಳು. ಎರಡೂ ಕೈ ಡೆಸ್ಕಿಗೆ ಊರಿ ಎದ್ದು, "ಪ್ರೆಸೆಂಟ್ ಮಿಸ್". ಎಷ್ಟೋ ದಿನ ಅವಳು ಕ್ಲಾಸಿನಲ್ಲಿ ಆಡಿದ ಮಾತು ಅದೊಂದೇ.

ಶಾಲೆಯ ಆಚರಣೆ ಅಂದರೆ ಪ್ರಾರ್ಥನೆ, ಬಹುಮಾನ ವಿತರಣೆ, ಬೀಳ್ಕೊಡುಗೆ ಅಂತಲೇ ನನ್ನ ತಲೆಯಲ್ಲಿತ್ತು. ಟ್ರೈನಿಂಗ್‌ನಲ್ಲಿ ಜಾನಪದ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ ಬಗ್ಗೆ ಓದಿದ್ದು ಈ ವಾರ ನೆನಪಾಯಿತು. ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಆಚರಣೆಗಳಲ್ಲಿ ಅವರು 1909ರಲ್ಲೇ ಮೂರು ಹಂತ ಗುರುತಿಸಿದ್ದರು: ಹಳೆಯದನ್ನು ಬಿಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಹೊಸದರೊಳಗೆ ಸೇರುವುದು. ಅವರು ಬರೆದದ್ದು ಹುಟ್ಟು, ಮದುವೆ, ಸಾವಿನಂಥ ದೊಡ್ಡ ತಿರುವುಗಳ ಬಗ್ಗೆ. ಆದರೆ ಎಂಟು ವರ್ಷದ ಮಗು ದಿನಾ ಬೆಳಿಗ್ಗೆ ಅಮ್ಮನ ಕೈ ಬಿಟ್ಟು 40 ಮಕ್ಕಳ ನಡುವೆ ಬಂದು ಕೂರುವುದೂ ದಾಟುವುದೇ ಅಲ್ವಾ? ಹೆಸರು ಕರೆದಾಗ ಅದು ಒಳಗೆ ಬಂದ ಹಾಗೆ.

ಬರದವರ ಹೆಸರಿಗೂ ಒಂದು ಜಾಗ ಇತ್ತು. ಕರೆದ ಮೇಲೆ ಒಂದು ಕ್ಷಣ ಸದ್ದಿಲ್ಲ, ಎಲ್ಲರೂ ಆ ಖಾಲಿ ಬೆಂಚಿನ ಕಡೆ ತಿರುಗುತ್ತಿದ್ದರು. "ಜ್ವರ ಮಿಸ್" ಅಂತ ಯಾರೋ ಹೇಳುತ್ತಿದ್ದರು. ಈ ವಾರ ಒಬ್ಬ ಹುಡುಗ ಎರಡು ದಿನ ಬರಲಿಲ್ಲ. ಮನೆಗೆ ಮೆಸೇಜ್ ಹೋಗಿದೆ. ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ನಮ್ಮ ಹೆಡ್‌ಮಾಸ್ಟರ್ ಒಳ್ಳೆಯವರು. ನಮ್ಮ ಕೆಲಸ ಹಗುರವಾಗಲಿ ಅಂತಲೇ ಯಂತ್ರ ತಂದರು. ಆದರೂ ವಾರ್ಷಿಕೋತ್ಸವಕ್ಕೆ ವಾರಗಟ್ಟಲೆ ತಾಲೀಮು ಮಾಡಿಸುವ ನಾವು, ಮಗುವನ್ನು ಹೆಸರು ಹಿಡಿದು ಕರೆಯಲು ಐದು ನಿಮಿಷ ಜಾಸ್ತಿ ಅನ್ನುವುದನ್ನು ನನಗೆ ಒಪ್ಪಲು ಆಗುತ್ತಿಲ್ಲ. ಅದನ್ನು ಅವರಿಗೂ ಹೇಳಿದೆ. ನೋಡೋಣ ಅಂದರು.

ಶುಕ್ರವಾರ ಬೀರುವಿನಿಂದ ಹಳೇ ಪುಸ್ತಕ ತೆಗೆದು ಮೊದಲ ಹೆಸರು ಕರೆದೆ. ಅವಳ ಹೆಸರಿಗೆ ಇನ್ನೂ ಎರಡು ಬಾಕಿ ಇತ್ತು. ತಲೆ ಎತ್ತಿ ನೋಡಿದೆ. ಆಗಲೇ ಬೆಂಚಿನ ತುದಿಗೆ ಬಂದಿದ್ದಳು.