ಅಗ್ನಿಶಾಮಕ ತರಬೇತಿಗೆ ತಯಾರಿ: ಓಟವೊಂದೇ ಸಾಲದು

ಅಗ್ನಿಶಾಮಕ ತರಬೇತಿಗೆ ಆಯ್ಕೆಯಾದ ಕೂಡಲೇ ಬಹಳ ಜನ ಬೆಳಗ್ಗೆದ್ದು ಓಡಲು ಶುರುಮಾಡುತ್ತಾರೆ, ಜೊತೆಗೆ ಒಂದಷ್ಟು ಪುಷ್‌ಅಪ್. ಎರಡೂ ಬೇಕು. ಆದರೆ ಚಡ್ಡಿ ಬನಿಯನ್‌ನಲ್ಲಿ ಐದು ಕಿಲೋಮೀಟರ್ ಸಲೀಸಾಗಿ ಓಡುವವರೇ ಫೈರ್ ಸೂಟ್ ತೊಟ್ಟು, ಬೆನ್ನಿಗೆ ಸಿಲಿಂಡರ್ ಏರಿಸಿ ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಸೂಟು, ಬೂಟು, ಹೆಲ್ಮೆಟ್, ಉಸಿರಾಟಕ್ಕೆ ಗಾಳಿ ಕೊಡುವ ಬಿಎ ಸೆಟ್ (ಸಿಲಿಂಡರ್, ಮಾಸ್ಕ್) ಎಲ್ಲ ಸೇರಿದರೆ 20ರಿಂದ 25 ಕಿಲೋ. ಹೊರಗಿನ ಬಿಸಿಯನ್ನು ತಡೆಯುವ ಆ ಸೂಟು ಮೈಯ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ಉಸಿರಿಗೋ, ಸಿಲಿಂಡರಿನಲ್ಲಿ ಇರುವಷ್ಟೇ ಗಾಳಿ. ತೂಕ, ಬಿಸಿ, ಗಾಳಿ ಈ ಮೂರೂ ಒಟ್ಟಿಗೆ ಬಂದು ಕೂತಾಗ ಏನಾಗುತ್ತದೆ ಎಂಬುದಕ್ಕೆ ತಯಾರಾಗಬೇಕು. ಬರೀ ಓಟ ಅದನ್ನು ಕಲಿಸುವುದಿಲ್ಲ.

ಕೈಯಲ್ಲಿ 12 ವಾರ ಇದ್ದರೆ ನೆಮ್ಮದಿಯಾಗಿ ಮಾಡಬಹುದು. ಎಂಟೇ ವಾರ ಇದ್ದರೆ ಹೊರುವ ಭಾರದ ಗುರಿಯನ್ನು ತಗ್ಗಿಸಿಕೊಳ್ಳಿ, ಭಾರ ಏರಿಸುವ ವೇಗವನ್ನು ಹೆಚ್ಚಿಸಬೇಡಿ. ಶುರುಮಾಡುವ ಮೊದಲು ವೈದ್ಯರ ಹತ್ತಿರ ರಕ್ತದೊತ್ತಡ, ಇಸಿಜಿ ನೋಡಿಸಿಕೊಳ್ಳಿ. ಈ ಕೆಲಸದಲ್ಲಿ ಹೃದಯದ ಮೇಲೆ ಬೀಳುವ ಭಾರ ಜಿಮ್ಮಿನದಕ್ಕಿಂತ ಬೇರೆ ಜಾತಿಯದು.

ಮೆಟ್ಟಿಲು

ಒಂದೇ ವ್ಯಾಯಾಮ ಆರಿಸಿಕೊಳ್ಳಿ ಅಂದರೆ ನಾನು ಹೇಳುವುದು ಭಾರ ಹೊತ್ತು ಮೆಟ್ಟಿಲು ಹತ್ತುವುದನ್ನು. ಅಗ್ನಿಶಾಮಕ ಅಭ್ಯರ್ಥಿಗಳ ದೇಹಬಲ ಅಳೆಯಲು ಉತ್ತರ ಅಮೆರಿಕದಲ್ಲಿ ಬಳಸುವ ಸಿಪ್ಯಾಟ್ ಪರೀಕ್ಷೆಯ ಮೊದಲ ಹಂತವೇ ಇದು: 22.7 ಕಿಲೋದ ಜಾಕೆಟ್, ಹೆಗಲ ಮೇಲೆ ಇನ್ನೂ 11.3 ಕಿಲೋ, ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ. ಆಸರೆಯ ಕಂಬಿ ಹಿಡಿಯುವಂತಿಲ್ಲ. ಅದಾದ ಮೇಲೆ ಇನ್ನೂ ಏಳು ಕೆಲಸಗಳಿದ್ದು, ಒಟ್ಟು ಎಂಟನ್ನೂ 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ನೀವು ಆ ಪರೀಕ್ಷೆ ಕೊಡದೇ ಇರಬಹುದು, ಅಳತೆಗೋಲಾಗಿ ಮಾತ್ರ ಒಳ್ಳೆಯದು. ಮೂರು ನಿಮಿಷಕ್ಕೆ 180 ಮೆಟ್ಟಿಲು. ಒಂದೊಂದು 20 ಸೆಂಟಿಮೀಟರ್ ಎಂದರೆ 36 ಮೀಟರ್ ಎತ್ತರ, ಹನ್ನೆರಡು ಮಹಡಿಯಷ್ಟು.

ಮೊದಲ ಮೂರು ವಾರ ಭಾರವಿಲ್ಲದೇ ಹತ್ತಿ. ನಾಲ್ಕನೇ ವಾರ 5 ಕಿಲೋ, ಆಮೇಲೆ ವಾರಕ್ಕೆ 2 ಕಿಲೋದಂತೆ ಏರಿಸಿದರೆ ಹನ್ನೆರಡನೇ ವಾರಕ್ಕೆ 20 ದಾಟುತ್ತದೆ. ವಾರಕ್ಕೆ ಎರಡು ಸಲ ಸಾಕು. ಮೂರು ನಿಮಿಷ ಹತ್ತುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕು ಸುತ್ತು. ಭಾರವನ್ನು ಬ್ಯಾಗಿನಲ್ಲಿ ಹಾಕುವುದಾದರೆ ಬೆನ್ನಿಗೆ ಅಂಟಿಕೊಂಡಿರುವಂತೆ ಮೇಲ್ಭಾಗದಲ್ಲಿ ಕಟ್ಟಿ. ಒಳಗೆ ಅಲ್ಲಾಡುವ ಮರಳು ಸೊಂಟ ಹಿಡಿಸುತ್ತದೆ. ನೀರಿನ ಬಾಟಲಿ ತುಂಬಿದರೆ ಇಳಿಯುವ ಮೊದಲು ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ಇಳಿಯುವಾಗಲೇ ತೊಡೆಯ ಸ್ನಾಯು, ಮಂಡಿ ಹೆಚ್ಚು ಪೆಟ್ಟು ತಿನ್ನುವುದು. ಭಾರ ಹೊತ್ತು ಹತ್ತಿ, ಹಗುರವಾಗಿ ಇಳಿಯಿರಿ. ಭಾರ ಹೊತ್ತು ಓಡುವುದಂತೂ ಬೇಡವೇ ಬೇಡ. ಅದರಿಂದ ಸಿಗುವ ಲಾಭ ಮೆಟ್ಟಿಲಿನಲ್ಲೂ ಸಿಗುತ್ತದೆ, ನಷ್ಟ ಮಾತ್ರ ಮಂಡಿಗೆ, ಕಣಕಾಲ ಮೂಳೆಗೆ.

ಹೋಸ್, ಹಿಡಿತ, ಎಳೆತ

ಖಾಲಿ ಹೋಸ್ ಎಳೆದು ನೋಡಿ "ಇಷ್ಟೇನಾ" ಅನ್ನುವವರು ನೀರು ಬಿಟ್ಟ ಮೇಲೆ ನೋಡಬೇಕು. 45 ಮಿಲಿಮೀಟರ್ ವ್ಯಾಸದ 20 ಮೀಟರ್ ಹೋಸಿನಲ್ಲಿ ಸುಮಾರು 32 ಲೀಟರ್ ನೀರು ನಿಲ್ಲುತ್ತದೆ, ಅಂದರೆ 32 ಕಿಲೋ. 70 ಮಿಲಿಮೀಟರಿನದರಲ್ಲಿ ಅದೇ ಉದ್ದಕ್ಕೆ 77 ಕಿಲೋ. ಒತ್ತಡ ಏರಿದ ಹೋಸ್ ಸುಲಭವಾಗಿ ಬಾಗುವುದೂ ಇಲ್ಲ, ಮೂಲೆ ಸಿಕ್ಕಲ್ಲೆಲ್ಲ ಕಚ್ಚಿಕೊಳ್ಳುತ್ತದೆ. ಇದನ್ನು ತೋಳಿನಿಂದ ಎಳೆಯಲು ಹೋದರೆ ಎರಡೇ ನಿಮಿಷಕ್ಕೆ ಕೈ ಸೋಲುತ್ತದೆ. ಹೆಗಲ ಮೇಲೆ ಹಾಕಿಕೊಂಡು, ಬ್ರಾಂಚನ್ನು (ಹೋಸಿನ ತುದಿಯ ನಳಿಕೆಯನ್ನು) ಎದೆಗೆ ಒತ್ತಿ ಹಿಡಿದು, ಮುಂದಕ್ಕೆ ವಾಲಿ, ಸಣ್ಣ ಹೆಜ್ಜೆಯಲ್ಲಿ ಕಾಲಿನಿಂದ ತಳ್ಳಬೇಕು.

ಮನೆಯ ಹತ್ತಿರ ಇದಕ್ಕೆ ಹಳೆಯ ಟೈರು, ಹಗ್ಗ ಇದ್ದರೆ ಸಾಕು. 20ರಿಂದ 30 ಕಿಲೋದ ಟೈರನ್ನು 30 ಮೀಟರ್ ಎಳೆಯಿರಿ. ಆಮೇಲೆ ಒಂದು ಮಂಡಿಯೂರಿ ಕೂತು 15 ಮೀಟರ್ ದೂರದ ಟೈರನ್ನು ಕೈ ಮೇಲೆ ಕೈ ಹಾಕಿ ನಿಮ್ಮತ್ತ ಎಳೆದುಕೊಳ್ಳಿ. ಈ ಎರಡನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಡ್ರಿಲ್‌ನಲ್ಲಿ ಎಲ್ಲರೂ ಅಲ್ಲೇ ಸಿಕ್ಕಿಬೀಳುತ್ತಾರೆ.

ಬ್ರಾಂಚ್ ಹಿಡಿದಾಗಿನ ಹಿಮ್ಮುಖ ತಳ್ಳುವಿಕೆಯೂ ಕಡಿಮೆಯದಲ್ಲ. 7 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 475 ಲೀಟರ್ ಹರಿಯುವ, ನೀರನ್ನು ಮಂಜಿನಂತೆ ಚಿಮ್ಮಿಸುವ ಫಾಗ್ ಬ್ರಾಂಚ್ ಸುಮಾರು 28 ಕಿಲೋ ಬಲದಿಂದ ಹಿಂದಕ್ಕೆ ನೂಕುತ್ತದೆ. ಒಂದು ಕಾಲು ಮುಂದೆ, ಭಾರ ಮುಂಗಾಲಿನ ಮೇಲೆ, ಬ್ರಾಂಚ್ ತೆರೆಯುವುದೂ ನಿಧಾನ, ಮುಚ್ಚುವುದೂ ನಿಧಾನ. ಪಟ್ಟನೆ ಮುಚ್ಚಿದರೆ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು ಹೋಸಿಗೂ ಪಂಪಿಗೂ ಸುತ್ತಿಗೆಯ ಏಟು ಕೊಡುತ್ತದೆ.

ಇನ್ನು ಮುಂಗೈ ಹಿಡಿತ. ಏಣಿಯ ಮೆಟ್ಟಿಲು, ಹೋಸುಗಳನ್ನು ಜೋಡಿಸುವ ಕಪ್ಲಿಂಗ್, ಕೊಡಲಿ, ಹಗ್ಗ, ಎಲ್ಲವೂ ಹಿಡಿತವನ್ನೇ ಕೇಳುತ್ತವೆ, ಅದೂ ದಪ್ಪ ಗ್ಲೌಸ್ ತೊಟ್ಟು. ಗ್ಲೌಸ್ ಹಾಕಿದ ಕ್ಷಣವೇ ಹಿಡಿತದ ಬಲದಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಕಂಬಿಗೆ ಜೋತುಬಿದ್ದು 30 ಸೆಕೆಂಡಿನಂತೆ ಮೂರು ಸಲ ಶುರುಮಾಡಿ ಒಂದು ನಿಮಿಷಕ್ಕೆ ಏರಿಸಿ. ಎರಡು ಕೈಯಲ್ಲೂ 16ರಿಂದ 20 ಕಿಲೋ ಹಿಡಿದು 40 ಮೀಟರ್ ನಡೆಯಿರಿ. ಕೊನೆಯ ನಾಲ್ಕು ವಾರ ಇದೆಲ್ಲ ಗ್ಲೌಸ್ ಹಾಕಿಕೊಂಡೇ ಆಗಲಿ.

ಗಾಯಾಳುವನ್ನು ಎಳೆಯುವ ಅಭ್ಯಾಸಕ್ಕೆ 75 ಕಿಲೋ ಆಸುಪಾಸಿನ ಬೊಂಬೆ ಸಿಗುತ್ತದೆ. ಬೆನ್ನು ಬಾಗಿಸಿ ತೋಳಿನಿಂದ ಎತ್ತಲು ಹೋದರೆ ಸೊಂಟ ಹೋಯಿತು ಅಂತಲೇ ಲೆಕ್ಕ. ಕುಕ್ಕರಗಾಲಲ್ಲಿ ಕೂತು, ಕಂಕುಳ ಕೆಳಗಿನಿಂದ ಕೈ ತೂರಿಸಿ ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಎದ್ದು, ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುವುದು. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡುವವರಿಗೆ ಇದು ಬೇಗ ಒಗ್ಗುತ್ತದೆ.

ಗಾಳಿಯ ಲೆಕ್ಕ

6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡ ಇದ್ದರೆ ಸುಮಾರು 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂದುಕೊಂಡು "45 ನಿಮಿಷದ ಸೆಟ್" ಅನ್ನುತ್ತಾರೆ. ಮೆಟ್ಟಿಲು ಹತ್ತಿ ಹೋಸ್ ಎಳೆಯುವವರು 80 ಲೀಟರ್ ಎಳೆಯುವುದು ಮಾಮೂಲು. ಸಿಲಿಂಡರಿನ ಒತ್ತಡ ಇಳಿದಾಗ ಎಚ್ಚರಿಸುವ ಸೀಟಿ 55 ಬಾರ್ ಹತ್ತಿರ ಕೂಗುತ್ತದೆ ಎಂದಿಟ್ಟುಕೊಳ್ಳಿ. ಆಗ ಉಳಿದಿರುವುದು 330 ಲೀಟರ್. ಅಂದರೆ ಸೀಟಿಯವರೆಗೆ 18 ನಿಮಿಷ, ಸೀಟಿಯ ನಂತರ ನಾಲ್ಕು. ಸೀಟಿ ಕೂಗಿದ ಮೇಲೆ ಹೊರಡೋಣ ಅನ್ನುವುದು ಎಷ್ಟು ಅಪಾಯದ ಮಾತು ಎಂಬುದು ಈ ಲೆಕ್ಕದಲ್ಲೇ ಇದೆ. ಸೀಟಿ ಕೂಗುವಾಗ ಹೊರಗಿರಬೇಕು.

ಉಸಿರನ್ನು ಪಳಗಿಸಲು ಮೆಟ್ಟಿಲಿನ ವಿರಾಮದ ಎರಡು ನಿಮಿಷವನ್ನು ಬಳಸಿ: ಮೂಗಿನಿಂದ ಎಳೆದು, ಬಾಯಿಂದ ಅದರ ಎರಡರಷ್ಟು ಹೊತ್ತು ಬಿಡುವುದು. ಬಿಡುವಾಗ ಸಣ್ಣಗೆ ಗುನುಗಿದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ, ಉಸಿರಾಟ ಕಷ್ಟ ಮಾಡುವ "ಟ್ರೈನಿಂಗ್ ಮಾಸ್ಕ್"ಗೆ ದುಡ್ಡು ಹಾಕಬೇಡಿ. ಬಿಎ ಸೆಟ್ಟಿನ ಮಾಸ್ಕ್ ಒಳಗೆ ಹೊರಗಿಗಿಂತ ಸ್ವಲ್ಪ ಹೆಚ್ಚು ಒತ್ತಡ ಇರುತ್ತದೆ. ಎರಡರ ಅನುಭವಕ್ಕೂ ಸಂಬಂಧವೇ ಇಲ್ಲ.

ನಿಜವಾದ ತೊಂದರೆ ಬೇರೆಯದು. ಮುಖ ಮುಚ್ಚಿ, ಕಣ್ಣಿಗೆ ಏನೂ ಕಾಣದಿದ್ದಾಗ ಎದೆ ಬಡಿದುಕೊಳ್ಳುವುದು. ಇದನ್ನು ಮನೆಯಲ್ಲೇ ಪಳಗಿಸಬಹುದು. ಕಣ್ಣಿಗೆ ಬಟ್ಟೆ ಕಟ್ಟಿ, ಜೊತೆಗೊಬ್ಬರನ್ನು ಇಟ್ಟುಕೊಂಡು, ಕೋಣೆಯಲ್ಲಿ ಅಂಬೆಗಾಲಿಡಿ. ಬಲಗೈ ಗೋಡೆ ಬಿಡಬಾರದು. ಬಾಗಿಲು, ಕಿಟಕಿ, ಮೂಲೆ ಎಣಿಸುತ್ತಾ ಹೋಗಿ. ತಿರುಗಿ ಬರುವಾಗ ಅದೇ ಗೋಡೆ ಎಡಗೈಗೆ ಸಿಗಬೇಕು. ಮುಂದೆ ತಡವುವಾಗ ಅಂಗೈ ಬೇಡ, ಕೈಯ ಹಿಂಬದಿ ಇರಲಿ. ವಿದ್ಯುತ್ ತಂತಿ ತಗುಲಿದರೆ ಸ್ನಾಯು ಸೆಟೆದು ಮುಷ್ಟಿ ಕಟ್ಟುತ್ತದೆ. ಅಂಗೈಯಲ್ಲಿದ್ದರೆ ತಂತಿ ಮುಷ್ಟಿಯೊಳಗೇ ಉಳಿಯುತ್ತದೆ. ಮುಗಿದ ಮೇಲೆ ಕೋಣೆಯ ನಕ್ಷೆ ಬರೆದು ನೋಡಿ. ಮೂಗು ಬಾಯಿ ಮುಚ್ಚುವ ಯಾವ ಪ್ರಯೋಗವನ್ನೂ ಮಾಡಬೇಡಿ.

ಬಿಸಿ ಮತ್ತು ನೀರು

ಬಿಸಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಒಗ್ಗಿದ್ದು ಕೆಲವೇ ವಾರ ಬಿಟ್ಟರೆ ಹೋಗಿಬಿಡುತ್ತದೆ. ಹಾಗಾಗಿ ತರಬೇತಿಗೆ ಮುಂಚಿನ ಕೊನೆಯ ಎರಡು ವಾರ ವ್ಯಾಯಾಮವನ್ನು ತಂಪು ಹೊತ್ತಿನಿಂದ ಸ್ವಲ್ಪ ಸೆಕೆಯ ಹೊತ್ತಿಗೆ ಸರಿಸಿ, 20 ನಿಮಿಷದಿಂದ ಶುರುಮಾಡಿ. ಬೆವರಲೆಂದು ಪ್ಲಾಸ್ಟಿಕ್ ಸೂಟ್ ತೊಟ್ಟು ಓಡುವುದು ಮೂರ್ಖತನ. ಅದರಲ್ಲಿ ಸತ್ತವರಿದ್ದಾರೆ.

ನೀರೆಷ್ಟು ಕುಡಿಯಬೇಕು ಎಂಬುದಕ್ಕೆ ತಕ್ಕಡಿಯೇ ಉತ್ತರ. ವ್ಯಾಯಾಮದ ಮೊದಲು, ನಂತರ ತೂಗಿ ನೋಡಿ. ಇಳಿದ ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಇಳಿಕೆ ಮೈತೂಕದ ನೂರಕ್ಕೆ ಎರಡನ್ನು ದಾಟಬಾರದು. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಎರವಾಗಬಹುದು. ಉಪ್ಪಿನಂಶ ಇರುವ ಊಟ ಬಿಡಬೇಡಿ.

ರ‍್ಯಾಬ್ಡೋಮಯೋಲಿಸಿಸ್ ಅನ್ನುವ ಹೆಸರನ್ನು ಪ್ರತಿ ಹೊಸಬರೂ ತಿಳಿದಿರಬೇಕು. ಒಗ್ಗದ ಮೈಗೆ ಮೊದಲ ದಿನಗಳಲ್ಲೇ ಮಿತಿಮೀರಿ ಪುಷ್‌ಅಪ್, ಸ್ಕ್ವಾಟ್ ಮಾಡಿಸಿದರೆ ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಬಿಸಿ ಸೇರಿದರೆ ಅಪಾಯ ಹೆಚ್ಚು. ಮಾಡಿದ ಕೆಲಸಕ್ಕೆ ಮೀರಿದ ನೋವು, ಊತ, ಕೈ ಮಡಚಲಾಗದ ನಿಶ್ಶಕ್ತಿ, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ, ಇವು ಎರಡು ಮೂರು ದಿನ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಕಂಡ ದಿನವೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಸಿಕೆ (ಸ್ನಾಯು ಒಡೆದಾಗ ಏರುವ ಕಿಣ್ವ) ಪರೀಕ್ಷೆ ಮಾಡಿಸಿ. "ಮೈಕೈ ನೋವು ಇದ್ದದ್ದೇ" ಎಂದು ನೋವಿನ ಮಾತ್ರೆ ನುಂಗುವುದು ತಪ್ಪು, ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಭಾರ.

ಜೊತೆಗಾರ ಸೆಕೆಯಲ್ಲಿ ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಹೀಟ್‌ಸ್ಟ್ರೋಕ್ ಇರಬಹುದು. ಆಂಬುಲೆನ್ಸ್ ಕರೆಸಿ, ಅದು ಬರುವವರೆಗೆ ಕಾಯದೆ ಸೂಟ್ ಬಿಚ್ಚಿ ತಣ್ಣೀರಿನಲ್ಲಿ ಮುಳುಗಿಸಿ.

ಕಲಿತು ಹೋದರೆ ಉಳಿಯುವ ಸಮಯ

ಗಂಟುಗಳನ್ನು ಮನೆಯಲ್ಲೇ ಕಲಿಯಿರಿ: ಬೋಲೈನ್, ಕ್ಲೋವ್ ಹಿಚ್, ಫಿಗರ್ ಏಯ್ಟ್, ಶೀಟ್ ಬೆಂಡ್, ಹಾಫ್ ಹಿಚ್. ಮೂರು ಮೀಟರ್ ಹಗ್ಗ ಸಾಕು. ಮೊದಲು ನೋಡಿಕೊಂಡು, ಆಮೇಲೆ ಬೆನ್ನ ಹಿಂದೆ, ಕೊನೆಗೆ ಗ್ಲೌಸ್ ಹಾಕಿ ಕತ್ತಲಲ್ಲಿ. ಬೋಲೈನ್ ಕಟ್ಟುವವರು ಮಾಡುವ ತಪ್ಪು ಒಂದೇ, ತುದಿ ತೀರಾ ಗಿಡ್ಡ ಬಿಡುವುದು. ಭಾರ ಬಿಟ್ಟುಬಿಟ್ಟು ಬಿದ್ದಾಗ ಅದು ಜಾರಿ ಕಳಚಿಕೊಳ್ಳುತ್ತದೆ.

ಏಣಿಗೆ 75 ಡಿಗ್ರಿ ಕೋನ. ನಾಲ್ಕು ಮೀಟರ್ ಎತ್ತರಕ್ಕೆ ಬುಡ ಒಂದು ಮೀಟರ್ ಹೊರಗೆ. ಎತ್ತುವ ಮೊದಲು ತಲೆಯ ಮೇಲೆ ತಂತಿ ಇದೆಯೇ ಎಂದು ಬಾಯಿ ಬಿಟ್ಟು ಹೇಳುವುದು ಅಭ್ಯಾಸವಾಗಲಿ. ನೀರಿನ ಲೆಕ್ಕದಲ್ಲಿ 10 ಮೀಟರ್ ಎತ್ತರಕ್ಕೆ 1 ಬಾರ್ ಖರ್ಚು, ಹೋಸಿನೊಳಗಿನ ಘರ್ಷಣೆಯ ನಷ್ಟ ಹರಿವಿನ ವರ್ಗದಷ್ಟು ಏರುತ್ತದೆ: ಹರಿವು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಬೆಂಕಿಯ ವರ್ಗಗಳನ್ನು ಮಾತ್ರ ಸಿಕ್ಕ ಸಿಕ್ಕ ವಿಡಿಯೋ ನೋಡಿ ಬಾಯಿಪಾಠ ಮಾಡಬೇಡಿ. ಸಿ ಎಂದರೆ ಅಮೆರಿಕದಲ್ಲಿ ವಿದ್ಯುತ್ ಉಪಕರಣದ ಬೆಂಕಿ, ಯುರೋಪಿನಲ್ಲಿ ಅನಿಲದ್ದು. ನಿಮ್ಮ ತರಬೇತಿ ಕೇಂದ್ರದ ಪುಸ್ತಕವೇ ಪ್ರಮಾಣ.

ಸೂಟ್ ತೊಡುವ ಕ್ರಮದಲ್ಲಿ ಎಡವುವುದು ಹೆಚ್ಚಾಗಿ ಹುಡ್, ಅಂದರೆ ತಲೆ ಕತ್ತು ಮುಚ್ಚುವ ಬಟ್ಟೆಯ ಟೋಪಿಯ ವಿಷಯದಲ್ಲಿ. ಹುಡ್ ಮೊದಲು ಕತ್ತಿನಲ್ಲಿರಬೇಕು; ಮಾಸ್ಕ್ ಹಾಕಿ, ಸೋರಿಕೆ ನೋಡಿದ ಮೇಲೆ ಅದರ ಅಂಚಿನ ಮೇಲೆ ಎಳೆದುಕೊಳ್ಳಬೇಕು. ಆತುರದಲ್ಲಿ ಬಟ್ಟೆಯ ಮಡಿಕೆ ಮಾಸ್ಕಿನ ಒಳಗೆ ಸಿಕ್ಕಿದರೆ ಗಾಳಿ ಸೋರಿ ಸಿಲಿಂಡರ್ ಬೇಗ ಖಾಲಿ. ಗಡ್ಡದ್ದೂ ಇದೇ ಕಥೆ, ಎರಡು ದಿನದ ಚೂಪು ಕೂದಲೂ ಸಾಕು. ಕನ್ನಡಕದ ಕಡ್ಡಿಯೂ ಅಂಚನ್ನು ಎತ್ತಿಹಿಡಿಯುತ್ತದೆ. ಮಾಸ್ಕಿನೊಳಗೆ ಕೂರುವ ಫ್ರೇಮ್ ಬೇಕಾದರೆ ಮೊದಲೇ ಕೇಳಿ, ತಯಾರಾಗಲು ಸಮಯ ಹಿಡಿಯುತ್ತದೆ. ಬಿಎ ಸೆಟ್ಟಿನ ಸೊಂಟಪಟ್ಟಿ ಬಿಗಿದು ಹೆಗಲ ಪಟ್ಟಿಯನ್ನು ತುಸು ಸಡಿಲಿಸಿ, ಭಾರ ಸೊಂಟಕ್ಕೆ ಇಳಿಯಲಿ.

ಮಸಿ ಹಿಡಿದ ಹೆಲ್ಮೆಟ್ಟು ಶೌರ್ಯದ ಗುರುತು ಎಂಬ ಮಾತು ಹಿರಿಯರಿಂದ ಕೇಳಬಹುದು. ನಕ್ಕು ಸುಮ್ಮನಾಗಿ. 2022ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೇ ಸೇರಿಸಿದೆ. ಬೆಂಕಿಯ ಅಭ್ಯಾಸ ಮುಗಿದ ಕೂಡಲೇ ಕತ್ತು, ಕೈ, ಮುಖ ಒರೆಸಿ, ಬೇಗ ಸ್ನಾನ ಮಾಡಿ, ಹುಡ್ ಒಗೆಯಿರಿ. ಸೂಟನ್ನು ಮಲಗುವ ಕೋಣೆಗೆ ತರಬೇಡಿ.

ಕೊನೆಯ ವಾರ ಭಾರವೂ ಸುತ್ತುಗಳೂ ಅರ್ಧಕ್ಕೆ ಇಳಿಯಲಿ. ಹೊಸ ಬೂಟು ಸಿಕ್ಕಿದ್ದರೆ ದಪ್ಪ ಕಾಲುಚೀಲದೊಂದಿಗೆ ದಿನಕ್ಕೊಂದು ಗಂಟೆ ನಡೆದು ಪಳಗಿಸಿ, ಉಜ್ಜುವ ಜಾಗಕ್ಕೆ ಗುಳ್ಳೆ ಏಳುವ ಮೊದಲೇ ಟೇಪ್ ಹಚ್ಚಿ. ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆ ಕೊರೆದು ಕತ್ತರಿಸಿದ ಹೆಬ್ಬೆರಳಿನ ಉಗುರು ಮೆಟ್ಟಿಲು ಇಳಿಯುವಾಗ ಬೂಟಿನ ಮೂತಿಗೆ ಒತ್ತಿ ಮಾಂಸಕ್ಕೆ ಚುಚ್ಚುತ್ತದೆ.