ನೂರಕ್ಕೆ ನೂರಿಪ್ಪತ್ತು

ನಮ್ಮ ಮನೆಯ ಗೋಡೆಯಲ್ಲಿ ಒಂದು ಬಿರುಕಿದೆ. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ನೆಲದವರೆಗೂ ಇಳಿದಿದೆ. ಯುಗಾದಿ ಹೊತ್ತಿಗೆ ಅದರೊಳಗೆ ಐದು ರೂಪಾಯಿಯ ಹಳೇ ದಪ್ಪ ನಾಣ್ಯ ಸಲೀಸಾಗಿ ಹೋಗುತ್ತದೆ. ಶ್ರಾವಣದಲ್ಲಿ ಒಂದು ರೂಪಾಯಿಯೂ ಹೋಗಲ್ಲ. ಚಿಕ್ಕವನಿದ್ದಾಗ ನನ್ನ ತಮ್ಮ ಬೇಸಿಗೆ ರಜೆಯಲ್ಲಿ ಅಲ್ಲೊಂದು ನಾಣ್ಯ ಬಚ್ಚಿಟ್ಟು, ಮಳೆ ಶುರುವಾದ ಮೇಲೆ ತೆಗೆಯೋಕೆ ಬರದೆ ಅತ್ತಿದ್ದ. ಮುಂದಿನ ಬೇಸಿಗೆಗೆ ಬಿರುಕು ಬಾಯಿ ಬಿಟ್ಟಿತು. ಆದರೆ ನಾಣ್ಯ ಇನ್ನೂ ಒಳಗೆ ಜಾರಿಕೊಂಡಿತು.

ಊರು ಜೇವರ್ಗಿ ತಾಲೂಕಿನದು. ಅಪ್ಪ ಗೌಂಡಿ. ಊರಲ್ಲಿ ಹತ್ತಾರು ಮನೆ ಕಟ್ಟಿದ್ದಾನೆ, ಅವು ಗಟ್ಟಿಯಾಗಿ ನಿಂತಿವೆ. ಬಿರುಕು ಬಿಟ್ಟಿರುವುದು ನಮ್ಮದೇ ಖೋಲಿ. ಹಳೇ ಮಾಳಿಗೆ ಮನೆಯ ಪಕ್ಕಕ್ಕೆ ಅಪ್ಪ ತಾನೇ ಕಟ್ಟಿದ ಸ್ಲ್ಯಾಬಿನ ಖೋಲಿ ಅದು. ಮಳೆಗಾಲದಲ್ಲಿ ಅದರ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಭುಜ ಕೊಟ್ಟು ನೂಕಬೇಕು. ನೆಲಕ್ಕೆ ಹಾಸಿದ ಶಹಾಬಾದ್ ಪರಸಿಗಳಲ್ಲಿ ಎರಡು ಎದ್ದು ಕುಂತಿವೆ. ಯಾರಾದರೂ ಕೇಳಿದರೆ ಅಪ್ಪ, "ಎರಿ ಭೂಮಿ ನೋಡ್ರಿ" ಅಂತಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದ.

ನಾನು ಕಲಬುರಗಿಯಲ್ಲಿ ಸಿವಿಲ್ ಮೂರನೇ ವರ್ಷಕ್ಕೆ ಬಂದಾಗ ಜಿಯೋಟೆಕ್ನಿಕಲ್ ಲ್ಯಾಬ್ ಶುರುವಾಯಿತು. ಲ್ಯಾಬ್ ಅಂದರೆ ನಮ್ಮಲ್ಲಿ ಅರ್ಧ ಲ್ಯಾಬ್, ಅರ್ಧ ರೆಕಾರ್ಡ್. ಸೀನಿಯರ್ ಒಬ್ಬರ ರೆಕಾರ್ಡ್ ಇಡೀ ಹಾಸ್ಟೆಲ್ ಸುತ್ತುತ್ತದೆ. ಅದರಲ್ಲಿದ್ದ ರೀಡಿಂಗನ್ನೇ ಒಂದೆರಡು ಪಾಯಿಂಟ್ ಆಚೀಚೆ ಮಾಡಿ ಬರೆದರೆ ಮುಗೀತು. ನಾನೂ ಹಾಗೇ ಬರೆದಿದ್ದೇನೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಆ ಪಟ್ಟಿಯಲ್ಲಿ 'ಫ್ರೀ ಸ್ವೆಲ್ ಇಂಡೆಕ್ಸ್' ಅಂತ ಒಂದು ಪ್ರಯೋಗ ಕಣ್ಣಿಗೆ ಬಿತ್ತು. ಮಣ್ಣು ನೀರು ಕುಡಿದು ಎಷ್ಟು ಉಬ್ಬುತ್ತದೆ ಅಂತ ಅಳೆಯುವುದು. ಇದೊಂದನ್ನು ನಿಜವಾಗಿಯೂ ಮಾಡಬೇಕು, ಅದೂ ನಮ್ಮ ಮನೆ ಮಣ್ಣಿನಲ್ಲೇ ಮಾಡಬೇಕು ಅನ್ನಿಸಿತು.

ಯುಗಾದಿಗೆ ಊರಿಗೆ ಹೋದಾಗ ಹಿತ್ತಲಲ್ಲಿ ಮೂರಡಿ ಗುಂಡಿ ತೋಡಿ ಒಂದು ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ತೊಗರಿ ಏನವ್ವಾ?" ಅಂದರು. ಮಣ್ಣು ಅಂದೆ. ನನ್ನ ಕೈಗೆ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು, "ನಿನಗೂ ಫ್ರೀ, ಮಣ್ಣಿಗೂ ಫ್ರೀ" ಅಂತ ನಕ್ಕರು. ಕಟ್ಟಿಸಂಗಾವಿ ಬ್ರಿಜ್ ಮೇಲೆ ಭೀಮಾ ನದಿ ನೋಡುತ್ತಾ ಕೂತಿದ್ದೆ. ಕಾಲ ಬಳಿ ಚೀಲ.

ಮಣ್ಣನ್ನು ಓವನ್‌ನಲ್ಲಿ 105 ಡಿಗ್ರಿಗೆ ಒಂದು ದಿನ ಒಣಗಿಸಬೇಕು. ಹೊರಗೆ 42 ಡಿಗ್ರಿ ಇತ್ತು, ಅಂಗಳದಲ್ಲಿಟ್ಟರೂ ಒಣಗುತ್ತೆ ಅಂತ ರೂಮ್‌ಮೇಟ್ ತಮಾಷೆ ಮಾಡಿದಳು. ಅವಳು ಬೀದರಿನವಳು. ನನ್ನ ಹುಚ್ಚು ನೋಡಿ ಅವಳೂ ತನ್ನೂರಿನ ಕೆಂಪು ಮಣ್ಣು ತಂದಿದ್ದಳು.

ಒಣಗಿದ ಎರಿ ಮಣ್ಣನ್ನು ಪುಡಿ ಮಾಡೋದು ಎಂಥ ಕೆಲಸ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಹೆಂಟೆ ಕಲ್ಲಾಗಿರುತ್ತದೆ. ಒರಳಲ್ಲಿ ಹಾಕಿ ಕುಟ್ಟಿದರೆ ಪುಡಿಯಾಗಲ್ಲ, ಚಟ್ ಅಂತ ಸಿಡಿದು ಮೂಲೆಗೆ ಓಡುತ್ತದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿಯಬೇಕು, ಅಂದರೆ ಅರ್ಧ ಮಿಲಿಮೀಟರಿಗಿಂತ ಸಣ್ಣ. ಬೇಕಾಗಿದ್ದು ಬರೀ 20 ಗ್ರಾಂ. ಅಷ್ಟಕ್ಕೆ ಎರಡು ತಾಸು ಹಿಡಿಯಿತು. ಉಗುರೊಳಗೆ ಹೊಕ್ಕ ಕರಿ ಮೂರು ದಿನ ಹೋಗಲಿಲ್ಲ. ಬೀದರಿನ ಮಣ್ಣು ಮಾತ್ರ ಖಾರದ ಪುಡಿಯಂತೆ ಸುರಸುರ ಇಳಿಯಿತು.

ಆಮೇಲೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ ತಾಪತ್ರಯ. ಪ್ರಯೋಗಕ್ಕೆ ಎರಡು ಗಾಜಿನ ಸಿಲಿಂಡರ್ ಬೇಕು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಚಿಮಣಿ ಎಣ್ಣೆ. ಈಗ ಅದನ್ನು ಎಲ್ಲಿಂದ ತರೋದು? ಲ್ಯಾಬಿನ ಕಾಕಾ ಕಪಾಟಿನ ಹಿಂದಿನಿಂದ ಧೂಳು ಹಿಡಿದ ಬಾಟ್ಲಿ ತೆಗೆದು, "ಹನಿ ಚೆಲ್ಲಬ್ಯಾಡ್ರಿ, ಇದು ಮುಗದ್ರ ಪ್ರಯೋಗನೂ ಮುಗದಂಗ" ಅಂತ ಕೊಟ್ಟರು.

ಎರಡಕ್ಕೂ ಹತ್ತತ್ತು ಗ್ರಾಂ ಮಣ್ಣು ಹಾಕಿ, 100 ಎಂಎಲ್ ಗೆರೆವರೆಗೆ ತುಂಬಿದೆ. ಮೊದಲ ಸಲ ಕೆಡಿಸಿದೆ. ಮಣ್ಣನ್ನು ಒಮ್ಮೆಲೇ ಸುರಿದುಬಿಟ್ಟೆ. ನೀರು ತಾಕಿದ್ದೇ ಮೇಲಿನ ಮಣ್ಣು ಅಂಟಾಗಿ, ಒಳಗೆ ಒಣ ಉಂಡೆ ಹಾಗೇ ಉಳಿಯಿತು, ಗಾಳಿ ಹೊರಗೆ ಬರಲೇ ಇಲ್ಲ. ಮತ್ತೆ ಹತ್ತು ಗ್ರಾಂ ಕುಟ್ಟಿ, ಚೂರು ಚೂರೇ ಉದುರಿಸಿ, ಗಾಜಿನ ಕಡ್ಡಿಯಲ್ಲಿ ಗುಳ್ಳೆ ಹೋಗುವವರೆಗೆ ಕಲಕಿದೆ. ಇನ್ನು 24 ತಾಸು ಮುಟ್ಟುವಂತಿಲ್ಲ.

ಮರುದಿನ ಕ್ಲಾಸಿಗೂ ಮುಂಚೆ ಲ್ಯಾಬಿಗೆ ಓಡಿದೆ. ಚಿಮಣಿ ಎಣ್ಣೆಯಲ್ಲಿದ್ದ ಮಣ್ಣು 10 ಎಂಎಲ್‌ನಲ್ಲಿ ಕೂತಿತ್ತು. ಮರಳಿನ ಹಾಗೆ ಬಿಡಿಬಿಡಿ. ನೀರಿನಲ್ಲಿದ್ದದ್ದು 22. ಅದೇ ಹತ್ತು ಗ್ರಾಂ! ನೋಡಲು ರಾಗಿ ಅಂಬಲಿ ತರಹ ನುಣ್ಣಗೆ, ಎಲ್ಲಿ ಮಣ್ಣು ಮುಗಿದು ಎಲ್ಲಿ ನೀರು ಶುರು ಅಂತ ಬಗ್ಗಿ ನೋಡಬೇಕಿತ್ತು. 22ರಲ್ಲಿ 10 ಕಳೆದು, 10ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 120. ಐವತ್ತರೊಳಗಿದ್ದರೆ ಚಿಂತೆ ಕಡಿಮೆ, ನೂರು ದಾಟಿದರೆ ಜೋರು ಉಬ್ಬುವ ಮಣ್ಣು ಅಂತ ಲೆಕ್ಕ. ಬೀದರಿನ ಮಣ್ಣು 10ಕ್ಕೆ 11 ಆಗಿತ್ತು, ಅಷ್ಟೇ. ಅವರದು ಜಂಬಿಟ್ಟಿಗೆ ಕಲ್ಲಿನ ನಾಡು, ಅದನ್ನೇ ಕೊರೆದು ಬಹಮನಿ ಕಾಲದಲ್ಲಿ ನೆಲದೊಳಗೆ ಕರೇಜ್ ಸುರಂಗ ಮಾಡಿ ನೀರು ಹರಿಸಿದ್ದಾರೆ. ಅದನ್ನು ಅವಳು ಆ ದಿನ ನಾಲ್ಕು ಸಲ ನೆನಪಿಸಿದಳು.

ಕಾರಣ ಕ್ಲಾಸಿನಲ್ಲಿ ಹೇಳಿದ್ದರು. ನಮ್ಮ ಕರಿ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಅನ್ನೋ ಖನಿಜ ಇರುತ್ತೆ. ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಚಿಮಣಿ ಎಣ್ಣೆಗೆ ಆ ನುಗ್ಗಾಟ ಬರಲ್ಲ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ನಮ್ಮ ಬಾಗಿಲು ಕಚ್ಚಿಕೊಳ್ಳುವುದೂ ಇದೇ ಅಂತ ಆ ಸಿಲಿಂಡರ್ ನೋಡುವವರೆಗೆ ತಲೆಗೆ ಹೋಗಿರಲಿಲ್ಲ.

ಕಾರಿಡಾರಿನಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನೂರಿಪ್ಪತ್ತು ಬಂತು!"

"ಎಷ್ಟಕ್ಕ?"

"ನೂರಕ್ಕ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೂರಕ್ಕ ನೂರಿಪ್ಪತ್ತು ಹ್ಯಾಂಗ ಕೊಡ್ತಾರ ಯವ್ವಾ?"

ಮಾರ್ಕ್ಸ್ ಅಲ್ಲ, ಮಣ್ಣು ಅಂತ ಬಿಡಿಸಿ ಹೇಳಿದೆ. ನಮ್ಮ ಮಣ್ಣು ಎರಡು ಪಟ್ಟು ಉಬ್ಬುತ್ತೆ, ಅದಕ್ಕೇ ಗೋಡೆ ಸೀಳಿದೆ, ಬುನಾದಿ ಇನ್ನೂ ಆಳಕ್ಕೆ ಹೋಗಬೇಕಿತ್ತು, ತಳಕ್ಕೆ ಉಬ್ಬಿದ ಗುಂಡು ಇರೋ ಕಾಂಕ್ರೀಟ್ ಕಂಬ, ಅಂದರೆ ಅಂಡರ್-ರೀಮ್ಡ್ ಪೈಲ್ ಹಾಕಬೇಕಿತ್ತು, ಇಲ್ಲಾ ಉಬ್ಬದಂಥ ಮಣ್ಣು ತುಂಬಬೇಕಿತ್ತು ಅಂತ ಒಂದೇ ಉಸಿರಿಗೆ ಹೇಳಿದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು, ಉಬ್ಬದಂಥ, ಆದರೆ ಹಿಡಿತ ಇರೋ ಮಣ್ಣನ್ನು ಸುಮಾರು ಒಂದು ಮೀಟರ್ ಹಾಸಿ ಕುಟ್ಟಿದರೆ ಕೆಳಗಿನ ಎರಿ ಮಣ್ಣು ಮೇಲೇಳೋದು ನಿಲ್ಲುತ್ತೆ ಅಂತ ತೋರಿಸಿಕೊಟ್ಟಿದ್ದಾರೆ ಅಂತಲೂ ಸೇರಿಸಿದೆ.

"ಮುರುಮ್ ಅನ್ನು" ಅಂದ ಅಪ್ಪ.

"ಹ್ಞಾಂ?"

"ಅವ್ರು ಹೇಳೋದು ಮುರುಮ್ ಅವ್ವಾ. ಎಲ್ಲಾರ ಮನಿಗಿ ಅದೇ ತುಂಬತೀನಲ್ಲ ನಾ. ಎರಿ ತಗದು, ಗಟ್ಟಿ ಹತ್ತಿದ ಮ್ಯಾಲೇ ಕಲ್ಲು ಇಡೋದು."

ಮತ್ತೆ ನಮ್ಮ ಖೋಲಿಗೆ?

"ಆ ವರ್ಷ ಅಕ್ಕನ ಲಗ್ನ ಆಗಿತ್ತು. ಮುರುಮ್ ಟ್ರಿಪ್ಪಿಗೆ ರೊಕ್ಕ ಎಲ್ಲಿತ್ತು? ಎರಡೂವರಿ ಫೂಟಿಗೇ ಕಲ್ಲು ಇಟ್ಟೆ. ಸೀಳತದಂತ ಗೊತ್ತೇ ಇತ್ತು."

ಏನು ಹೇಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಆ ಬಿರುಕನ್ನು ನಾನು ಅಪ್ಪನಿಗೆ ತಿಳಿಯದೇ ಆದ ತಪ್ಪು ಅಂದುಕೊಂಡಿದ್ದೆ. ಚೀಲ ಹೊತ್ತು ತಂದಿದ್ದರ ಹಿಂದೆ ಒಂಚೂರು ಜಂಭವೂ ಇತ್ತು, ಅಪ್ಪನಿಗೆ ಏನೋ ಹೊಸದು ಕಲಿಸುತ್ತೀನಿ ಅಂತ. ಅಪ್ಪ ಪಾಯ ಅಗೆಯುವಾಗಲೇ ಆ ಬಿರುಕನ್ನು ಕಂಡಿದ್ದ. ಪ್ರತಿ ಬೇಸಿಗೆ ಸಿಮೆಂಟು ಕಲಸಿ ಮೆತ್ತುವಾಗ ಯಾಕೆ ಮಾತಾಡುತ್ತಿರಲಿಲ್ಲ ಅಂತ ಆಗ ಹೊಳೆಯಿತು.

ರೆಕಾರ್ಡಿನಲ್ಲಿ 120 ಅಂತಲೇ ಬರೆದೆ. ಉಳಿದವರದ್ದೆಲ್ಲ ನಲವತ್ತರ ಆಸುಪಾಸು ಇತ್ತು. ಸರ್ ಪುಟ ತಿರುಗಿಸುತ್ತಾ ನಿಂತು, "ಇದೊಂದು ಯಾಕೆ ಬೇರೆ?" ಅಂದರು. ನಮ್ಮನೆ ಮಣ್ಣು ಸರ್ ಅಂದೆ. ಮೇಲೆ ನೋಡಿದರು, ಸಹಿ ಹಾಕಿದರು.

ರಾತ್ರಿ ಅಪ್ಪನೇ ಫೋನ್ ಮಾಡಿದ. ಅವನು ತಾನಾಗಿ ಫೋನ್ ಮಾಡೋದು ಕಡಿಮೆ. ತಮ್ಮನಿಗೆ ಹಿತ್ತಲಲ್ಲಿ ಇನ್ನೊಂದು ಖೋಲಿ ಹಾಕೋ ವಿಚಾರ ಇದೆಯಂತೆ. 12 ಫೂಟು, 14 ಫೂಟು.

"ನಿನ್ನ ಪುಸ್ತಕದ ಪ್ರಕಾರ ಎಷ್ಟು ಮುರುಮ್ ಹಿಡೀತದ ನೋಡು."

ಕ್ಯಾಲ್ಕ್ಯುಲೇಟರ್ ತೆಗೆದೆ. ಒಂದು ಮೀಟರ್ ಅಂದರೆ 3.28 ಅಡಿ. ಹನ್ನೆರಡು, ಹದಿನಾಲ್ಕು ಗುಣಿಸಿ 551 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್.

"ಐದೂವರೆ ಬ್ರಾಸ್ ಅಪ್ಪಾ."

"ಕುಟ್ಟಿದ ಮ್ಯಾಲ ಇಳಿಯೂದು ಹಿಡದೀ ಏನು?"

ಹಿಡಿದಿರಲಿಲ್ಲ.

"ಏಳು ಅಂತ ಬರಕೋ" ಅಂದ.