ತಟ್ಟೆ ಎತ್ತಿಡು ಅಂದರೆ ‘ಹೋಗಮ್ಮ’ ಅಂತಾಳೆ

ಮೊನ್ನೆ ಭಾನುವಾರ ಕೋಲಾರದ ನಮ್ಮ ಮನೆಗೆ ಮಗಳು ಚರ್ಚಿನ ಸಂಡೇ ಸ್ಕೂಲಿನಿಂದ ಬಂದವಳೇ ಬೈಬಲಿನ ವಿಮೋಚನಕಾಂಡ 20:12 ಅನ್ನು ಗಡಗಡ ಒಪ್ಪಿಸಿದಳು. ‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸು.’ ಊಟ ಆದ ಮೇಲೆ ತಟ್ಟೆ ಎತ್ತಿಡು ಅಂದರೆ ‘ಹೋಗಮ್ಮ’ ಅಂದಳು. ಬೈಯಲು ಬಾಯಿ ತೆರೆದೆ. ಆದರೆ ಹಿಂದಿನ ರಾತ್ರಿ ಮುಳಬಾಗಿಲಿನಿಂದ ನನ್ನ ಅಮ್ಮ ಫೋನ್ ಮಾಡಿದಾಗ ‘ಆಮೇಲೆ ಮಾಡ್ತೀನಿ, ಇಡಮ್ಮ’ ಅಂತ ನಾನು ಸಿಡುಕಿದ್ದು, ಮಗಳು ಪಕ್ಕದಲ್ಲೇ ಕೂತಿದ್ದು ನೆನಪಾಯ್ತು.

ಈ ಆಜ್ಞೆಯನ್ನು ನಾವು ಸುಮ್ನೆ ಚಿಕ್ಕ ಮಕ್ಕಳ ಪಾಠ ಮಾಡಿಬಿಟ್ಟಿದ್ದೇವೆ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ನೋಡಿ. ಅಲ್ಲಿ ಯೇಸು ಇದೇ ಮಾತು ಎತ್ತಿ ಗದರಿಸುವುದು ದೊಡ್ಡವರನ್ನು, ‘ದೇವರಿಗೆ ಕೊಟ್ಟಾಯ್ತು’ ಅಂತ ಹೇಳಿ ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ತಪ್ಪಿಸುವುದನ್ನು ಒಪ್ಪುತ್ತಿದ್ದವರನ್ನು. ಹೀಬ್ರೂ ಮೂಲದಲ್ಲಿ ‘ಸನ್ಮಾನಿಸು’ ಅನ್ನುವ ಪದದ ಬೇರಿಗೆ ಭಾರ ಅನ್ನುವ ಅರ್ಥ ಇದೆ. ಅಂದರೆ ಅವರ ಮಾತಿಗೆ ತೂಕ ಕೊಡು ಅಂತ. ಇನ್ನು ಬೈಬಲಿನ ಎಫೆಸ ಪತ್ರಿಕೆಯ 6ನೇ ಅಧ್ಯಾಯ ಓದುವಾಗ ನಾವು ಮಕ್ಕಳಿಗೆ ಹೇಳಿದ ಮೂರನೇ ವಚನಕ್ಕೇ ನಿಲ್ಲಿಸಿಬಿಡುತ್ತೇವೆ. ನಾಲ್ಕನೆಯದು ತಂದೆಯಂದಿರಿಗೆ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ. ಅದನ್ನೂ ಮಕ್ಕಳ ಮುಂದೆಯೇ ಓದಬೇಕು ಅಲ್ವಾ?

ಈಗ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕುತ್ತೇನೆ. ಮಂಡಿನೋವು, ಟೊಮೆಟೊ ರೇಟು, ಎಲ್ಲ ಕೇಳುತ್ತೇವೆ. ಮಗಳಿಗೆ ತಟ್ಟೆ ಎತ್ತಿಡು ಅಂತ ಇನ್ನೂ ಎರಡು ಸಲ ಹೇಳಬೇಕು. ನಿನ್ನೆ ಮಾತ್ರ ನಾನು ಮರೆತಿದ್ದಾಗ ಅವಳೇ ಫೋನ್ ತಂದು ಕೈಗಿಟ್ಟಳು.